ಬೆಲ್ಟ್ ಹೊಸದು, ದೀಪ ಹಳೆಯದು

ಕೀಲಿ ತಿರುವಿದ ಕೂಡಲೇ ಮೀಟರಿನ ಮೂಲೆಯಲ್ಲಿ ಹಳದಿ ದೀಪ ಹತ್ತಿತು.

“ಹತ್ತಿತಲ್ರಿ?” ಎಎಸ್‌ಐ ಭೀಮಶ್ಯಾ ಕೈ ಕಟ್ಟಿಕೊಂಡು ನಿಂತ. “ಇಂಜಿನ್ ಬೆಲ್ಟಿನ ದೀಪ. ಗಾಡಿನೇ ಬಾಯಿಬಿಟ್ಟು ಹೇಳಾಕತ್ತದ, ಈಕಿ ಬೆಲ್ಟ್ ನೆಟ್ಟಗ ಹಾಕಿಲ್ಲಂತ. ಇನ್ನೇನು ಬೇಕ್ರಿ ಮೇಡಂ ನಿಮಗ?”

‘ಈಕಿ’ ಅಂದರೆ ರುಕ್ಸಾರ್. ವಾಡಿ ಸ್ಟೇಷನ್ನಿನ ಹಿಂದೆ ಅಪ್ಪ ಬಿಟ್ಟುಹೋದ ಗ್ಯಾರೇಜು ನಡೆಸುವವಳು. ಹೋದ ತಿಂಗಳು ಶಹಾಬಾದಿನ ಫರಸಿಕಲ್ಲಿನ ಸಾಹುಕಾರ ದಿಲೀಪನ ಈ ಗಾಡಿ ಜಹೀರಾಬಾದಿನ ದಾರಿಯ ಕುಂಚಾವರಂ ಕಾಡಿನ ಇಳಿಜಾರಿನಲ್ಲಿ ತಗ್ಗಿಗೆ ಉರುಳಿ ಡ್ರೈವರ್ ಅಂಬರಾಯ ಸತ್ತಿದ್ದ. ಅದಕ್ಕೆ ಕೆಲವೇ ದಿನ ಮೊದಲು ಇದರ ಟೈಮಿಂಗ್ ಬೆಲ್ಟ್ ಬದಲಿಸಿದ್ದಳೆಂಬ ಕಾರಣಕ್ಕೆ ರುಕ್ಸಾರ್ ಮೇಲೆ ನಿರ್ಲಕ್ಷ್ಯದ ಸಾವಿನ ಕೇಸು ಬಿದ್ದಿತ್ತು. ಜಾಮೀನಿನ ಮೇಲೆ ಹೊರಗೆ ಬಂದಿದ್ದಳು.

‘ಮೇಡಂ’ ಅಂದರೆ ಸಂಘಮಿತ್ರಾ. ವಿಮಾ ಕಂಪನಿಯ ಸರ್ವೇಯರ್ ಆಗಿ ಸೇಡಂ, ಚಿತ್ತಾಪುರ ಸೀಮೆಯ ಎಷ್ಟೋ ಜಜ್ಜಿದ ಗಾಡಿಗಳ ಹೊಟ್ಟೆ ಬಗೆದು ನೋಡಿದವಳು ಆಕೆ. ತಾನು ತಂದ ಬ್ಯಾಟರಿಯ ತಂತಿಗಳನ್ನು ಮತ್ತೊಮ್ಮೆ ಒತ್ತಿ ನೋಡಿದಳು. ದೀಪ ಮಿಣುಕಲಿಲ್ಲ. ಗಟ್ಟಿಯಾಗಿ ಉರಿಯುತ್ತಿತ್ತು.

ಚಿಂಚೋಳಿ ರಸ್ತೆಯ ಆ ಹೊರಠಾಣೆಯ ಹಿತ್ತಲಿಗೆ ಬೇಲಿ ಅನ್ನುವುದು ಹೆಸರಿಗಿತ್ತು. ಗಾಡಿಯ ಮುಂದಿನ ಗಾಜು ಇರಲಿಲ್ಲ. ಎಡಗಡೆಯ ಮುಂದಿನ ಗಾಲಿ ಒಳಕ್ಕೆ ಮಡಚಿಕೊಂಡಿತ್ತು. ಬೇವಿನ ಮರದ ನೆರಳಲ್ಲಿ ಅಂಬರಾಯನ ಹೆಂಡತಿ ಚಂದ್ರಕಲಾ ಕೂತಿದ್ದಳು. ಗಂಡನ ಚಪ್ಪಲಿ, ನೀರಿನ ಬಾಟಲಿ ಒಯ್ಯಲು ಮಳಖೇಡದಿಂದ ಬಂದವಳು, ಅವು ಸಿಕ್ಕ ಮೇಲೂ ಎದ್ದಿರಲಿಲ್ಲ. ರುಕ್ಸಾರ್ ಮುಖದ ಮೇಲಿಂದ ಆಕೆಯ ಕಣ್ಣು ಸರಿದಿರಲಿಲ್ಲ.

“ಹೆಣ್ಮಕ್ಕಳ ಕೈಯಾಗ ಪಾನಾ ಕೊಟ್ರ ಹಿಂಗೇ ಆಗೂದು,” ಎಂದ ಭೀಮಶ್ಯಾ.

“ಕೊಟ್ಟಾಂವ ನಮ್ಮಪ್ಪ,” ರುಕ್ಸಾರ್ ಸಿಡಿದಳು. “ನಿಮ್ಮ ಜೀಪ್ ನಡುರಸ್ತೆದಾಗ ನಿಂತಾಗ ಯಾರ ಕೈ ನೆನಪಾಗಿತ್ರಿ ನಿಮಗ?”

“ನೀ ಸುಮ್ಮನಿರು,” ಸಂಘಮಿತ್ರಾ ಅವಳನ್ನು ತಡೆದಳು. “ಗಾಡಿ ಮುಟ್ಟಬ್ಯಾಡ. ದೂರ ನಿಂದ್ರು. ಸಾಹೇಬ್ರ, ನೀವು ಹತ್ರ ಬರ್ರಿ. ನಿಮ್ಮ ಕಣ್ಣೀಲೇ ನೋಡ್ರಿ.”

ಆಕೆ ಇಂಜಿನ್ನಿನ ಮುಂದಿನ ಮುಚ್ಚಳದ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿದಳು. ಮುಚ್ಚಳ ಕೈಗೆ ಬಂತು. ಒಳಗೆ ಹಲ್ಲಿನ ಕಪ್ಪು ಪಟ್ಟಿ. ಇಂಜಿನ್ನಿನ ಮೇಲಿನ ಚಕ್ರವೂ ಕೆಳಗಿನ ಚಕ್ರವೂ ಒಂದೇ ತಾಳಕ್ಕೆ ತಿರುಗುವಂತೆ ಹಿಡಿದಿಡುವುದು ಇದೇ. ಇದು ಹರಿದರೆ ಅಥವಾ ಹಲ್ಲು ಜಿಗಿದರೆ ಇಂಜಿನ್ ನಿಲ್ಲುತ್ತದೆ. ಇಳಿಜಾರಿನಲ್ಲಿ ಇಂಜಿನ್ ನಿಂತರೆ ಬ್ರೇಕಿನ ಪೆಡಲು ಕಲ್ಲಿನಂತೆ ಬಿಗಿಯಾಗಿ, ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ. ಪೊಲೀಸರ ಕೇಸು ನಿಂತದ್ದೇ ಆ ಮಾತಿನ ಮೇಲೆ.

ಪಟ್ಟಿ ಹೊಸದಾಗಿತ್ತು. ಮೈಮೇಲಿನ ಬಿಳಿ ಅಕ್ಷರ ಕೂಡ ಅಳಿಸಿರಲಿಲ್ಲ. ಸಂಘಮಿತ್ರಾ ಬೋಲ್ಟು ತಿರುವುವ ದೊಡ್ಡ ಪಾನಾ ಹಾಕಿ ಇಂಜಿನ್ನನ್ನು ಕೈಯಿಂದಲೇ ನಿಧಾನ ತಿರುವಿದಳು. ಮೇಲಿನ ಚಕ್ರದ ಗುರುತು ತನ್ನ ಗೆರೆಗೆ ಬಂದು ನಿಂತಿತು. ಕೆಳಗಿನದೂ ತನ್ನ ಗೆರೆಗೆ ಬಂತು.

“ಹಲ್ಲು ಜಿಗಿದಿಲ್ಲ,” ಎಂದಳು. “ಹರಿದಿಲ್ಲ. ಸಡಿಲ ಆಗಿಲ್ಲ. ಕೂದಲೆಳಿ ಫರಕಿಲ್ಲ.”

“ದೀಪ ಹತ್ಯಾದಲ್ರಿ ಮತ್ತ?”

“ಅದನ್ನೇ ನೋಡಾಕತ್ತೀನಿ.”

ಸ್ಕ್ಯಾನರಿನ ಬಾಯನ್ನು ಸ್ಟೀರಿಂಗ್ ಕೆಳಗೆ ಸಿಕ್ಕಿಸಿದಳು. ಬೆಲ್ಟು ತಾಳ ತಪ್ಪಿದ್ದರೆ ಇಂಜಿನ್ನಿನ ಕಂಪ್ಯೂಟರು ಆ ದೋಷವನ್ನು ಬರೆದಿಟ್ಟುಕೊಳ್ಳಬೇಕು. ಪರದೆಯ ಮೇಲೆ ಅಂಥದ್ದೇನೂ ಬರಲಿಲ್ಲ.

“ಈ ದೀಪ ಬೆಲ್ಟ್ ನೋಡೂದಿಲ್ರಿ ಸಾಹೇಬ್ರ. ಬೆಲ್ಟ್ ಎಲ್ಲದ, ಹ್ಯಾಂಗದ, ಇದಕ್ಕೇನೂ ಗೊತ್ತಿಲ್ಲ. ಬರೀ ಕಿಲೋಮೀಟರ್ ಎಣಸ್ತದ. ಲಕ್ಷ ದಾಟಿ ಭಾಳ ಓಡಿತು, ಬೆಲ್ಟ್ ಬದಲಿ ಮಾಡ್ರಿ ಅಂತ ನೆನಪು ಮಾಡಲಿಕ್ಕಿ ಹತ್ತತದ. ಬದಲಿಸಿದ ಮ್ಯಾಲ ನಾವೇ ರೀಸೆಟ್ ಮಾಡಿ ಆರಸಬೇಕು.”

ಭೀಮಶ್ಯಾನಿಗೆ ದಾರಿ ಸಿಕ್ಕಿತು. “ಹಂಗಾದ್ರ ಈಕಿ ರೀಸೆಟ್ ಮಾಡಿಲ್ಲ. ತಪ್ಪು ತಪ್ಪೇ.”

“ಮಾಡೀನ್ರಿ,” ಎಂದಳು ರುಕ್ಸಾರ್. “ಅಂಬರಾಯಣ್ಣನ ಎದುರಿಗೇ ಆರಿಸೀನಿ.”

“ಸತ್ತಾಂವ ಬಂದು ಸಾಕ್ಷಿ ಹೇಳ್ತಾನೇನು?”

ಆ ಮಾತಿಗೆ ಬೇವಿನ ಮರದ ಕೆಳಗಿನಿಂದ ಉತ್ತರ ಬಂತು.

“ಆರಿತ್ತು,” ಎಂದಳು ಚಂದ್ರಕಲಾ. ಅದನ್ನು ಹೇಳಲು ಆಕೆಗೆ ಮನಸ್ಸಿರಲಿಲ್ಲ ಎಂಬುದು ದನಿಯಲ್ಲೇ ಗೊತ್ತಾಗುತ್ತಿತ್ತು. “ಬೆಲ್ಟ್ ಹಾಕಿಸಿದ ಮರುದಿನ ನನ್ನ ಚಿತ್ತಾಪುರದ ದವಾಖಾನಿಗಿ ಇದೇ ಗಾಡ್ಯಾಗ ಕರಕೊಂಡು ಹೋಗಿದ್ರು. ಹಾದ್ಯಾಗ ತೋರಿಸಿದ್ರು. ಅಷ್ಟು ದಿನ ಕಣ್ಣು ಕುಕ್ಕತಿತ್ತು, ಈಗ ಆರ್ಯಾದ ನೋಡು ಅಂದ್ರು.” ರುಕ್ಸಾರ್ ಕಡೆ ನೋಡದೆ ಸೇರಿಸಿದಳು: “ಈಕಿ ಪರ ಮಾತಾಡಲಿಕತ್ತೀನಿ ಅಂತ ತಿಳೀಬ್ಯಾಡ್ರಿ. ಇದ್ದದ್ದು ಹೇಳಿದೆ.”

ಸಂಘಮಿತ್ರಾ ಆಕೆಯ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತಳು. “ಬರ್ರಿ ಅಕ್ಕ. ಒಮ್ಮೆ ಒಳಗ ಕುಂತು ನೋಡ್ರಿ. ಅವತ್ತು ಇದ್ದಂಗೇ ಅದ ಏನು, ಏನಾರ ಬ್ಯಾರೆ ಅನಸ್ತದ ಏನು.”

ಚಂದ್ರಕಲಾ ಬಾಗಿಲ ಬಳಿ ಬಂದು ಬಹಳ ಹೊತ್ತು ನಿಂತಳು. ಗಂಡ ಕೂರುತ್ತಿದ್ದ ಸೀಟಿನಲ್ಲಿ ಕೂರಲಾರದೆ ಹೊರಗಿನಿಂದಲೇ ಬಗ್ಗಿದಳು. ಮೀಟರಿನ ಗಾಜಿನ ಮೇಲೆ ಬೆರಳಿಟ್ಟಳು. ಬೆರಳು ಅಲ್ಲಲ್ಲಿ ತಡಕಾಡಿತು.

“ನನ್ನ ಟಿಕಳಿ ಎಲ್ಲಿ?”

“ಯಾವ ಟಿಕಳಿ?”

“ನನ್ನ ಹಣಿ ಮ್ಯಾಲಿಂದು. ಜೋರು ಓಡಸ್ತಾರಂತ ನಾನೇ ಕಿತ್ತಿ ಅರವತ್ತರ ಮ್ಯಾಲ ಹಚ್ಚಿದ್ದೆ. ಮುಳ್ಳು ಈ ಟಿಕಳಿ ದಾಟಿದ್ರ ನನ್ನ ದಾಟಿದಂಗ ಅಂದಿದ್ದೆ.” ಆಕೆಯ ಬರಿಹಣೆಯ ಮೇಲೆ ಬೆವರಿತ್ತು. “ಯಾರರ ಕಿತ್ತಾರೇನು? ಇದ್ದರ ಅಂಟರ ಇರಬೇಕಲ್ಲ.”

ಸಂಘಮಿತ್ರಾ ಬೆಳಕು ಬಿಟ್ಟು ಓರೆಯಾಗಿ ನೋಡಿದಳು. ಅಂಟು ಇರಲಿಲ್ಲ. ಗಾಜಿನ ಮೇಲೆ ಹಳೆಯ ಗೀರುಗಳಿದ್ದವು, ಅರವತ್ತರ ಅಂಕಿಯ ಮೇಲೆ ಏನೂ ಅಂಟಿಸಿದ ಕುರುಹಿರಲಿಲ್ಲ. ಮೀಟರಿನ ಸುತ್ತಲ ಪ್ಲಾಸ್ಟಿಕ್ ಕಟ್ಟಿನ ಒಂದು ಕಿವಿ ಹೊಸದಾಗಿ ಮುರಿದಿತ್ತು. ತಿರುಪುಗಳಲ್ಲಿ ಒಂದು ಬೇರೆಯದು.

ಆಕೆ ಮೀಟರನ್ನು ಹೊರಗೆಳೆದು ಹಿಂಭಾಗ ತಿರುಗಿಸಿದಳು. ಸಂದುಗೊಂದಿನಲ್ಲೆಲ್ಲ ನಸುಬೂದು ಹಿಟ್ಟು ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದು ಬೆರಳಲ್ಲಿ ತಿಕ್ಕಿದಳು. ನುಣುಪು. ರಸ್ತೆಯ ಧೂಳಿಗೆ ಈ ನುಣುಪಿರುವುದಿಲ್ಲ.

“ಫರಸಿ ತಿಕ್ಕಿದ ಹಿಟ್ಟು,” ಎಂದಳು ರುಕ್ಸಾರ್ ದೂರದಿಂದಲೇ.

“ಹೌದು. ಪಾಲಿಶ್ ಯಾರ್ಡಿನ್ಯಾಗ ವರ್ಷಗಟ್ಟಲೆ ನಿಂತ ಗಾಡಿದು ಈ ಮೀಟರು. ಬೆಲ್ಟ್ ಹೊಸದು, ದೀಪ ಹಳೀದು.” ಸಂಘಮಿತ್ರಾ ಎದ್ದು ಭೀಮಶ್ಯಾನ ಎದುರಿಗೆ ನಿಂತಳು. ಆಕೆಯ ದನಿ ಏರಲಿಲ್ಲ, ಆದರೆ ಅವನು ಒಂದು ಹೆಜ್ಜೆ ಹಿಂದೆ ಸರಿದ. “ಮೊದಲೇ ದೀಪ ಹತ್ತಿದ್ದ ಮೀಟರ್ ಹುಡುಕಿ ತಂದು ನಿಮ್ಮ ಹಿತ್ತಲದಾಗ ಇದಕ್ಕ ಕೂಡಿಸ್ಯಾರ. ನಿಮ್ಮ ಮೂಗಿನ ಕೆಳಗ. ನೀವು ಆ ದೀಪ ನೋಡಿ ಒಬ್ಬಾಕಿನ್ನ ಜೇಲಿಗಿ ಕಳಿಸೀರಿ. ಒಮ್ಮೆ, ಒಂದೇ ಒಮ್ಮೆ, ಆ ಮುಚ್ಚಳ ತಗದು ಬೆಲ್ಟ್ ನೋಡೂದು ಆಗಲಿಲ್ಲ ನಿಮಗ.”

“ನನಗೇನು ಗೊತ್ರಿ ಮೆಕ್ಯಾನಿಕ್ಕಿ? ಯಾರ್ಯಾರೋ ಬರ್ತಾರ, ಹೋಗ್ತಾರ. ಗ್ಯಾರೇಜಿನಾಂವ ಒಬ್ಬ ಬಂದಿದ್ದ, ಬ್ಯಾಟರಿ ನೋಡ್ತೀನಿ ಅಂದ, ನೋಡು ಅಂದೆ.”

“ಯಾವ ಗ್ಯಾರೇಜಿನಾಂವ?”

“ಮುಖಕ್ಕ ಟವೆಲ್ ಸುತ್ತಿದ್ದ. ಬಿಸಲು ಭಾಳ ಇತ್ತಲ್ರಿ.”

ಸಂಘಮಿತ್ರಾ ಕಣ್ಣು ಮುಚ್ಚಿ ತೆರೆದಳು. ಆಮೇಲೆ ಮೀಟರನ್ನು ಬಟ್ಟೆಯಲ್ಲಿ ಸುತ್ತಿಸಿ, ಅವನ ಕೈಯಿಂದಲೇ ಅರಗು ಹಾಕಿಸಿ, ಸಹಿ ಮಾಡುವವರೆಗೂ ಕದಲಲಿಲ್ಲ.

“ದಿಲೀಪ ಸಾಹುಕಾರ್ರ ಯಾರ್ಡಿನ್ಯಾಗ ಇಂಥದೇ ಹಳೀ ಗಾಡಿ ಒಂದು ನಿಂತದ,” ಎಂದಳು ಚಂದ್ರಕಲಾ. ಈಗ ಆಕೆ ರುಕ್ಸಾರ್ ಮುಖವನ್ನು ನೋಡಿಯೇ ಮಾತಾಡಿದಳು. “ನಾನೂ ಬರ್ತೀನಿ ನಿಮ್ಮ ಜೋಡಿ.”

*

ಹೊರಗೆ ರಸ್ತೆಯ ಬದಿಗೆ ರುಕ್ಸಾರಳ ಗ್ಯಾರೇಜಿನ ವ್ಯಾನು ನಿಂತಿತ್ತು. ಅವಳ ತಮ್ಮ ಬಂದೇನವಾಜ್ ಸ್ಟೀರಿಂಗಿಗೆ ಒರಗಿ ಕೂತಿದ್ದ. ಅಕ್ಕನನ್ನು ಹಿಡಿದುಕೊಂಡು ಹೋದ ದಿನದಿಂದ ಪೊಲೀಸರ ಅಂಗಳಕ್ಕೆ ಕಾಲಿಡಲು ಅವನು ಒಲ್ಲೆನೆನ್ನುತ್ತಿದ್ದ.

“ಶಹಾಬಾದಿಗಿ ನಡಿ. ನಾ ಮೇಡಂ ಗಾಡ್ಯಾಗ ಬರ್ತೀನಿ, ನೀ ಹಿಂದ ಬಾ,” ಎಂದಳು ರುಕ್ಸಾರ್.

“ಶಹಾಬಾದಿಗಿ ಯಾಕ ಆಪಾ?”

“ಮೀಟರ್ ಬ್ಯಾರೇದು ಅದ. ಸಾಹುಕಾರ್ರ ಯಾರ್ಡಿಂದು.”

ಅವನು ತಲೆಯಾಡಿಸಿ ವ್ಯಾನು ಚಾಲೂ ಮಾಡಿದ.

ಸಂಘಮಿತ್ರಾ ಮೊದಲು ಗಾಡಿ ಉರುಳಿದ ತಿರುವಿನ ಕಡೆಗೆ ಹೊರಳಿಸಿದಳು. ಪೊಲೀಸರ ಕಾಗದದಲ್ಲಿ ‘ಕಣ್ಣಾರೆ ಕಂಡವರು ಇಲ್ಲ’ ಎಂದಿತ್ತು. ತಿರುವಿನಲ್ಲೇ ಗುಡಿಸಲು ಹಾಕಿಕೊಂಡು ಸೀತಾಫಲ ಮಾರುವ ಲಾಲಮ್ಮ ಎಂಬ ಮುದುಕಿಯಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ. ಕೇಳಿರಲಿಲ್ಲ ಅನ್ನುವುದು ತಪ್ಪಾಯಿತು.

“ನಾ ಹೇಳೀನಮ್ಮಾ ಪೊಲೀಸರಿಗಿ,” ಎಂದಳು ಲಾಲಮ್ಮ. “ಹೋಗ್ ಮುದುಕಿ, ನಿನಗೇನು ತಿಳೀತದ ಅಂದ್ರು. ಹಣ್ಣು ಮಾತ್ರ ತೊಗೊಂಡು ಹೋದ್ರು.”

“ಏನು ಹೇಳಿದ್ದಿ ಅವ್ವ?”

“ಗಾಡಿ ಆ ಮ್ಯಾಲಿಂದ ಹಾರ್ನ್ ಒತ್ತಿಕೋತೇ ಬಂತು. ಬಿಡದಂಗ ಒತ್ತಿದ್ದ. ಬಿದ್ದ ಮ್ಯಾಲ ನಾ ಓಡಿಹೋದೆ. ಮಗ್ಗಲಾಗಿ ಬಿದ್ದಿತ್ತು, ಇಂಜಿನ್ ಗುರ್ರ್ ಅಂತಿತ್ತು ಇನ್ನಾ. ಲಾರಿಯಾಂವ ಒಬ್ಬ ಇಳದು ಬಂದು ಕೀಲಿ ತಿರುವಿ ಬಂದ್ ಮಾಡಿದ.”

“ಇಂಜಿನ್ ನಡದಿತ್ತು? ಖರೆ?”

“ಹೊಗಿ ಬರ್ತಿತ್ತಮ್ಮಾ. ನನ್ನ ಮುಖಕ್ಕೇ ಬಡೀತು.” ಮುದುಕಿ ಸೆರಗಿನಿಂದ ಬಾಯೊರೆಸಿಕೊಂಡಳು. “ಅಂವನ ಮುಂದಿನ ಸಣ್ಣ ಗಾಜಿನ ಮ್ಯಾಲ ಕೆಂಪಂದು ಹನಿ. ಅಂಕಿ ಇರ್ತಾವಲ್ಲ, ಅಲ್ಲಿ. ರಗತ ಅಂತ ಒರಸಲಿಕ್ಕಿ ಹೋದೆ. ರಗತಲ್ಲ, ಟಿಕಳಿ.”

ಕಾರಿನೊಳಗೆ ಕೂತಿದ್ದ ಚಂದ್ರಕಲಾಳ ಬಾಯಿಂದ ಒಂದು ದನಿ ಹೊರಟಿತು. ಅಳುವೆಂದು ಹೇಳಲಾಗದ, ಮಾತೂ ಅಲ್ಲದ ದನಿ. ರುಕ್ಸಾರ್ ಅವಳ ಕೈ ಹಿಡಿಯಲು ಹೋದಳು. ಚಂದ್ರಕಲಾ ಬಿಡಿಸಿಕೊಳ್ಳಲಿಲ್ಲ.

“ಭಾಬಿ,” ಎಂದಳು ರುಕ್ಸಾರ್, “ಅಣ್ಣ ನಿನ್ನ ಮಾತು ಮೀರಿರಲಿಲ್ಲ. ಗಾಡಿ ನಿಂದ್ರಲಿಲ್ಲ, ಅಷ್ಟೇ.”

ಕಾರು ಸೇಡಂ ರಸ್ತೆ ಹಿಡಿಯಿತು. ವ್ಯಾನು ಹಿಂದೆಯೇ ಬರುತ್ತಿತ್ತು.

“ಇಂಜಿನ್ ನಡದಿತ್ತಂದ್ರ ಬ್ರೇಕ್ ಬಿಗಿ ಆಗೂದಿಲ್ಲ,” ಸಂಘಮಿತ್ರಾ ರಸ್ತೆ ನೋಡುತ್ತಲೇ ಹೇಳಿದಳು. “ಬ್ರೇಕೇ ಇರಲಿಲ್ಲ. ಅದಕ್ಕೇ ಅಷ್ಟು ಹಾರ್ನ್. ಗಾಲಿ ಮುರದದ್ದರಾಗ ಬ್ರೇಕಿನ ಎಣ್ಣಿ ಪೈಪ್ ಹರದದ್ದು ಯಾರೂ ಸರಿಯಾಗಿ ನೋಡಿಲ್ಲ. ಬಿದ್ದಾಗ ಹರೀತು ಅಂತ ಬಿಟ್ಟಾರ. ರುಕ್ಸಾರ್, ಬೆಲ್ಟ್ ಹಾಕಿದ ಮ್ಯಾಲ ಗಾಡಿ ನಿನ್ನ ಹತ್ರ ಮತ್ತ ಬಂದಿತ್ತೇನು?”

“ಬಂದಿತ್ತು. ಅಪಘಾತದ ಹಿಂದಿನ ದಿನ. ಫ್ಯಾನ್ ಬೆಲ್ಟ್ ಕೀಚಾಡತದ ಅಂತ ತಂದಿದ್ರು. ಬಿಗಿ ಮಾಡಿದೆ. ಅಣ್ಣ ರೈಲಿಗಿ ಮನಿಗಿ ಹೋದ್ರು, ಗಾಡಿ ಶೆಡ್ಡಿನ್ಯಾಗೇ ಬಿಟ್ಟು. ಮುಂಜಾನೆ ಬಂದು ಒಯ್ದ್ರು.”

“ಇದು ನನಗ ಯಾಕ ಹೇಳಿರಲಿಲ್ಲ?”

“ನೀವು ಬೆಲ್ಟ್ ಕೇಳಿದ್ರಿ. ಎಲ್ಲಾರೂ ಬೆಲ್ಟೇ ಕೇಳಿದ್ರು.”

ಸಂಘಮಿತ್ರಾ ಫೋನೆತ್ತಿ ಭೀಮಶ್ಯಾನಿಗೆ ಹಚ್ಚಿದಳು. ಮುಂದಿನ ಗಾಲಿಗಳ ಹತ್ತಿರ ಯಾರನ್ನೂ ಬಿಡಬೇಡಿ ಎಂದಳು. ಆ ಕಡೆಯ ಉತ್ತರ ಕೇಳಿ ಫೋನನ್ನು ಸ್ಟೀರಿಂಗಿನ ಪಕ್ಕಕ್ಕೆ ಎಸೆದಳು.

“ನಾಳೆ ಸಾಹುಕಾರನ ಕ್ರೇನ್ ಬರ್ತದಂತ. ಗುಜರಿಗಿ ಹಾಕಲಿಕ್ಕಿ ಒಪ್ಪಿಗಿ ಕೊಟ್ಟಾರಂತ. ಸತ್ತಾಂವನ ಕುಣಿ ಮಣ್ಣು ಆರಿಲ್ಲ, ಗಾಡಿ ಕರಗಸಲಿಕ್ಕಿ ಎಷ್ಟು ಅವಸರ ನೋಡು.”

*

ಶಹಾಬಾದಿನ ಆ ಯಾರ್ಡಿನಲ್ಲಿ ಮರ, ಗೋಡೆ, ಮನುಷ್ಯರ ಹುಬ್ಬು ಎಲ್ಲವೂ ಒಂದೇ ಬಣ್ಣದ್ದಾಗಿದ್ದವು. ಕಲ್ಲು ಕೊಯ್ಯುವ ಯಂತ್ರಗಳು ನೀರುಗುಳುತ್ತ ಕಿರುಚುತ್ತಿದ್ದವು. ಬಂದೇನವಾಜ್ ವ್ಯಾನನ್ನು ಗೇಟಿನ ಹೊರಗೇ ನಿಲ್ಲಿಸಿಕೊಂಡ.

ಹಳೆಯ ಗಾಡಿ ಹಿಂದಿನ ಗೋಡೆಗೆ ಒತ್ತಿ ನಿಂತಿತ್ತು. ಸಂಘಮಿತ್ರಾ ನೇರ ಅದರ ಹತ್ತಿರ ಹೋಗಿ ಕಿಟಕಿಯ ಹಿಟ್ಟನ್ನು ಅಂಗೈಯಿಂದ ಒರೆಸಿದಳು. ಸ್ಟೀರಿಂಗಿನ ಹಿಂದೆ ಮೀಟರಿದ್ದ ಜಾಗ ಕಣ್ಣು ಕಿತ್ತ ಗೂಡಿನಂತೆ ಖಾಲಿಯಾಗಿತ್ತು. ತಂತಿಗಳು ಜೋತಾಡುತ್ತಿದ್ದವು.

“ಏನು ಹುಡಕಾಕತ್ತೀರಿ ಮೇಡಂ?”

ದಿಲೀಪ ಬಂದು ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಒಂದು ಕಣ ಹಿಟ್ಟಿರಲಿಲ್ಲ. ಚಂದ್ರಕಲಾಳನ್ನು ಕಂಡು ಕೈ ಮುಗಿದ. ರುಕ್ಸಾರಳನ್ನು ಕಂಡದ್ದೇ ಮುಗಿದ ಕೈ ಕೆಳಗಿಳಿಯಿತು.

“ಈಕಿನ್ನ ಯಾಕ ಕರಕೊಂಡು ಬಂದೀರಿ ನನ್ನ ಜಾಗಾದಾಗ? ನನ್ನ ಡ್ರೈವರನ್ನ ಕೊಂದಾಕಿ.”

“ನಿಮ್ಮ ಡ್ರೈವರ್ ಬೆಲ್ಟಿನಿಂದ ಸತ್ತಿಲ್ರಿ,” ಎಂದಳು ಸಂಘಮಿತ್ರಾ. “ಬೆಲ್ಟ್ ಹಾಕಿದಂಗೇ ಅದ. ಇಂಜಿನ್ ಕಡೀತನಕ ನಡದದ. ಬ್ರೇಕ್ ಇರಲಿಲ್ಲ. ಮತ್ತ ದೀಪ ಹತ್ತಿದ್ದು ಈ ಗಾಡಿ ಮೀಟರಿಂದು.” ಖಾಲಿ ಗೂಡಿನ ಕಡೆ ಬೆರಳು ತೋರಿಸಿದಳು. “ನಿಮ್ಮ ಯಾರ್ಡ್, ನಿಮ್ಮ ಗಾಡಿ, ನಿಮ್ಮ ಮೀಟರು. ನಾಳೆ ಬರೂದು ನಿಮ್ಮ ಕ್ರೇನು. ಹೇಳ್ರಿ, ಏನು ಮುಚ್ಚಲಿಕತ್ತೀರಿ?”

ದಿಲೀಪ ಬೆಚ್ಚಲಿಲ್ಲ. ಅವನ ಮುಖಕ್ಕೆ ಬಂದದ್ದು ಸಿಟ್ಟು, ಅದೂ ಮೋಸಹೋದವನ ಸಿಟ್ಟಿನಂತೆ ಕಂಡಿತು.

“ನನ್ನ ಗಾಡಿ ಹೋಯ್ತು, ನನ್ನ ಮನಷ್ಯಾ ಹೋದ, ಈಗ ಕಳ್ಳನೂ ನಾನೇ ಆದೆ?”

“ಅಂಬರಾಯ ಅವತ್ತು ಜಹೀರಾಬಾದಿಗಿ ಯಾಕ ಹೋಗಿದ್ದ?”

“ಕಲ್ಲಿನ ಸ್ಯಾಂಪಲ್ ತೋರಸಲಿಕ್ಕಿ.”

“ಸುಳ್ಳು,” ಎಂದಳು ಚಂದ್ರಕಲಾ.

ಆಕೆ ಸಾಹುಕಾರನ ಎದುರು ಯಾವತ್ತೂ ಬಾಯಿ ಬಿಟ್ಟವಳಲ್ಲ. ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. “ಸ್ಯಾಂಪಲ್ ಇದ್ರ ಹಿಂದಿನ ಸೀಟ್ ಮಡಚತಿದ್ರು. ಅವತ್ತು ವಾಡಿಯಿಂದ ಗಾಡಿ ಮನಿ ಮುಂದ ತಂದು, ಸೀಟೆಲ್ಲಾ ಝಾಡಿಸಿ, ಹೊಸಾ ಬಟ್ಟಿ ಹಾಸಿಕೊಂಡು ಹೋದ್ರು. ಯಾರನ್ನೋ ಕರಕೊಂಡು ಬರಲಿಕ್ಕಿ ಹೊಂಟೀನಿ ಅಂದಿದ್ರು. ಹೆಸರು ಹೇಳಲಿಲ್ಲ. ಹೇಳಬ್ಯಾಡ ಅಂತ ಸಾಹುಕಾರ್ರು ಆಣಿ ಹಾಕ್ಯಾರ ಅಂದ್ರು.”

ದಿಲೀಪ ಬಿಳಿ ಅಂಗಿಯ ತೋಳಿನಿಂದ ಇಲ್ಲದ ಹಿಟ್ಟು ಕೊಡವಿದ.

“ಮಾತಾಡ್ರಿ,” ಎಂದಳು ಸಂಘಮಿತ್ರಾ.

“ಆ ಮಾತು ಬ್ಯಾರೆ. ಮೀಟರಿನ ಮಾತು ಬ್ಯಾರೆ,” ಎಂದ ದಿಲೀಪ. “ಮೀಟರ್ ನಾ ಕೊಟ್ಟಿಲ್ಲ. ಕಳುವಾಗ್ಯಾದ. ಅಂಬರಾಯ ಸತ್ತ ಮರುದಿನ. ನಾವೆಲ್ಲಾ ಮಳಖೇಡದಾಗ ಮಣ್ಣಿಗಿ ಹೋಗಿದ್ವಿ, ಯಾರ್ಡಿನ್ಯಾಗ ಯಾರೂ ಇರಲಿಲ್ಲ. ಕ್ಯಾಮೆರಾ ಇತ್ತು.”

ಫೋನು ತೆಗೆದ. ಹುಡುಕುವ ಶ್ರಮವೇ ಇಲ್ಲದೆ ಒಂದು ವಿಡಿಯೋ ತೆರೆದ. ಬೇಕಾದಾಗ ಸಿಗಲೆಂದು ಬೇರೆ ತೆಗೆದಿಟ್ಟಿದ್ದನೆಂದು ಸಂಘಮಿತ್ರಾಗೆ ಅನಿಸಿತು. “ಇದು ನಿಮ್ಮ ಹತ್ರ ಅವತ್ತಿಂದಲೇ ಇತ್ತು. ಈಕಿನ್ನ ಹಿಡಕೊಂಡು ಹೋದಾಗಲೂ ಇತ್ತು. ಯಾಕ ತೋರಿಸಲಿಲ್ಲ?” ಎಂದು ಕೇಳಿದಳು.

“ನೋಡ್ರಿ ಮೊದಲು. ಆಮ್ಯಾಲ ನನಗ ಕೇಳ್ರಿ.”

ಚಿತ್ರದಲ್ಲಿ ನಡುಹಗಲ ಬಿಸಿಲು. ಗೋಡೆ ಹಾರಿ ಇಳಿದ ಒಬ್ಬ ಮನುಷ್ಯ ಹಳೆಯ ಗಾಡಿಯ ಬಾಗಿಲು ತೆರೆದ. ಕೆಲಸ ಬಲ್ಲವನ ಕೈ. ಸ್ವಲ್ಪ ಹೊತ್ತಿನಲ್ಲೇ ಮೀಟರು ಹಿಡಿದು ಹೊರಗೆ ಬಂದ. ಮುಖಕ್ಕೆ ಸುತ್ತಿದ್ದ ಟವೆಲ್ಲಿನಿಂದ ಬೆವರೊರೆಸಿಕೊಳ್ಳಲು ಅದನ್ನು ಬಿಚ್ಚಿದ.

ರುಕ್ಸಾರ್ ಫೋನನ್ನು ದಿಲೀಪನ ಕೈಯಿಂದ ಕಸಿದುಕೊಂಡಳು. ಮುಖಕ್ಕೆ ಹತ್ತಿರ ಹಿಡಿದು ನೋಡಿದಳು. ಮತ್ತೆ ಮೊದಲಿನಿಂದ ಓಡಿಸಿದಳು.

“ಇದು ನಮ್ಮ ಬಂದೇನವಾಜ್,” ಎಂದಳು.

ಚಂದ್ರಕಲಾ ಅವಳಿಂದ ಒಂದು ಮಾರು ದೂರ ಸರಿದು ನಿಂತಳು.

“ಅಮ್ಮ ಸತ್ತ ಮ್ಯಾಲ ನಾ ಬೆಳಸೀನಿ ಅಂವನ್ನ. ಅಪ್ಪನ ಪಾನಾ ಹಿಡಿಯೂದು ನಾ ಕಲಿಸೀನಿ.” ರುಕ್ಸಾರ್ ಫೋನನ್ನು ದಿಲೀಪನ ಕೈಗೆ ತುರುಕಿದಳು. “ನಾ ಜೇಲಿನ್ಯಾಗ ಇದ್ದಾಗ ದಿನಾ ಬುತ್ತಿ ತರ್ತಿದ್ದ. ಅಳ್ತಿದ್ದ. ನನ್ನ ಕುತ್ತಿಗಿಗಿ ಹಗ್ಗ ತಂದಾಂವ ನನಗ ಬುತ್ತಿ ತರ್ತಿದ್ದ?”

ಮಾತು ಮುಗಿಯುವ ಮೊದಲೇ ಗೇಟಿನ ಕಡೆಗೆ ಓಡಿದಳು. ಸಂಘಮಿತ್ರಾ ಹಿಂದೆ ಓಡಿದಳು.

ಗೇಟಿನ ಹೊರಗೆ ವ್ಯಾನು ಇರಲಿಲ್ಲ. ವಾಡಿ ರಸ್ತೆಯ ಮೇಲೆ ಬೂದು ಧೂಳು ಇನ್ನೂ ಕೂತಿರಲಿಲ್ಲ.

ರುಕ್ಸಾರ್ ಅವನಿಗೆ ಫೋನ್ ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಅಷ್ಟರಲ್ಲಿ ದಿಲೀಪ, ಚಂದ್ರಕಲಾ ಇಬ್ಬರೂ ಬಂದು ಸೇರಿದರು. ಊಟದ ಹೊತ್ತಾಗಿ ಯಂತ್ರಗಳು ಒಂದರ ಹಿಂದೊಂದು ನಿಂತವು. ಕಿವಿಗೆ ಗವ್ವೆನ್ನುವ ಮೌನ ಬಂತು. ಆ ಮೌನದಲ್ಲಿ ಅವಳ ಕೈಯಲ್ಲಿದ್ದ ಫೋನು ತಾನಾಗಿ ಬಡಿದುಕೊಂಡಿತು.

“ಎಲ್ಲಿದ್ದೀ ನೀನು?” ಎಂದಳು ರುಕ್ಸಾರ್. “ಯಾಕ ಮಾಡಿದಿ?”

ಅವನ ದನಿ ನಾಲ್ವರಿಗೂ ಕೇಳುವಷ್ಟು ಗಟ್ಟಿಯಾಗಿತ್ತು. ಅಳುತ್ತಿದ್ದ.

“ನಿನ್ನ ಉಳಸಲಿಕ್ಕಿ, ಆಪಾ. ಅಲ್ಲಾನ ಆಣಿ. ಬೆಲ್ಟಂದ್ರ ಬರೀ ತಪ್ಪು, ನಾಕು ದಿನದಾಗ ಜಾಮೀನು. ಬ್ರೇಕ್ ಪೈಪ್ ಅಂದ್ರ ಕೊಲಿ. ಪೈಪ್ ಕೊಯ್ದದ್ದು ನಮ್ಮ ಶೆಡ್ಡಿನ್ಯಾಗ, ನಮ್ಮದೇ ಗರಗಸದಿಂದ. ಅವರು ಬೆಲ್ಟ್ ಹಿಡಕೊಂಡ್ರ ಬ್ರೇಕ್ ನೋಡೂದಿಲ್ಲ ಅಂತ ದೀಪ ಹತ್ತಿಸಿದೆ.”

“ಯಾರು ಕೊಯ್ದ್ರು?” ಸಂಘಮಿತ್ರಾ ಫೋನಿನ ಹತ್ತಿರ ಬಗ್ಗಿ ಕೇಳಿದಳು. “ಬಂದೇನವಾಜ್, ನೀ ನೋಡೀ ಏನು?”

“ನೋಡೀನಿ.”

“ಹೆಸರು ಹೇಳು.”

ದೂರದಲ್ಲೊಂದು ರೈಲು ಕೂಗಿತು. ಅದು ಫೋನಿನಲ್ಲೋ ಹೊರಗೋ ತಿಳಿಯಲಿಲ್ಲ.

“ಆಪಾ,” ಎಂದ ಅವನು, ದನಿ ತಗ್ಗಿಸಿ. “ಮೊದಲು ಒಂದು ಹೇಳು. ಈಗ ನಿನ್ನ ಮಗ್ಗಲಿಗಿ ಯಾರ್ಯಾರು ನಿಂತಾರ?”

ರುಕ್ಸಾರ್ ಕತ್ತೆತ್ತಿದಳು. ಎದುರಿಗೆ ಮೂರು ಮುಖಗಳಿದ್ದವು. ಅವುಗಳಲ್ಲಿ ಒಂದು ಮಾತ್ರ, ಬಿಳಿ ಅಂಗಿಯವನದು, ಅವಳತ್ತ ನೋಡುತ್ತಿರಲಿಲ್ಲ.